ನ್ಯೂ ಮೆಕ್ಸಿಕೋದ ಪಾಳು ಮಿಷನ್‌ಗಳು: ಐದರಲ್ಲಿ ಯಾವುದಕ್ಕೆ ಕಾರು ತಿರುಗಿಸಬೇಕು?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲ್ಬುಕರ್ಕಿ ಕಡೆ ಬರುವ ಗೆಳೆಯರು ಫೋನ್ ಮಾಡಿದಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಸಾಂಟಾ ಫೆ, ವೈಟ್ ಸ್ಯಾಂಡ್ಸ್ ಬಿಟ್ಟು ಇನ್ನೇನು ನೋಡಬಹುದು ಅನ್ನುವುದು ಮೊದಲನೆಯದು. ಸ್ಪೇನಿನವರ ಕಾಲದ ಪಾಳು ಮಿಷನ್‌ಗಳನ್ನು (ಸ್ಥಳೀಯರನ್ನು ಕ್ರೈಸ್ತರನ್ನಾಗಿಸಲು ಪಾದ್ರಿಗಳು ಕಟ್ಟಿಸಿದ ಚರ್ಚು, ವಸತಿಗಳನ್ನು) ನೋಡಿ ಅಂದರೆ, ಅವುಗಳಲ್ಲಿ ಯಾವುದಕ್ಕೆ ಹೋಗಬೇಕು ಅನ್ನುವುದು ಎರಡನೆಯದು. ಈ ಎರಡನೆಯದಕ್ಕೆ ಸ್ವಲ್ಪ ಕೂತು ಮಾತಾಡಬೇಕಾಗುತ್ತದೆ. ಅಲ್ಬುಕರ್ಕಿಯಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರುವ ದೂರದಲ್ಲಿ ಐದು ಜಾಗಗಳಿವೆ: ಅಬೊ, ಕ್ವಾರಾಯ್, ಗ್ರಾನ್ ಕಿವಿರಾ, ಪೇಕೋಸ್ ಮತ್ತು ಹೇಮೆಸ್. ಐದೂ ಹದಿನೇಳನೇ ಶತಮಾನದಲ್ಲಿ ಶುರುವಾದ ಮಿಷನ್‌ಗಳು. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಸೂರಿಲ್ಲದ ಗೋಡೆ, ಮೇಲೆ ನೀಲಿ ಆಕಾಶ. ಹತ್ತಿರ ಹೋಗಿ ನಿಂತರೆ ಒಂದೊಂದರ ಕಥೆಯೂ ಬೇರೆ. ಯಾವ ಕಥೆ ನಿಮಗೆ ಬೇಕು ಅನ್ನುವುದರ ಮೇಲೆ ಜಾಗ ಆರಿಸಿಕೊಳ್ಳಿ ಅನ್ನುವುದು ನನ್ನ ಸಲಹೆ.

ಮೊದಲು ಬೇರೆ ರಾಜ್ಯಗಳ ಮಾತು ಮುಗಿಸಿಬಿಡೋಣ. ಕ್ಯಾಲಿಫೋರ್ನಿಯಾದಲ್ಲಿ 1769ರಿಂದ 1823ರವರೆಗೆ 21 ಮಿಷನ್‌ಗಳು ಹುಟ್ಟಿದವು. ಅವುಗಳಲ್ಲಿ ಬಹಳಷ್ಟನ್ನು ಆಮೇಲೆ ರಿಪೇರಿ ಮಾಡಿ, ಹೊಸದಾಗಿ ಕಟ್ಟಿ, ಸುಣ್ಣ ಬಳಿದು ನಿಲ್ಲಿಸಿದ್ದಾರೆ. ನಿಜಕ್ಕೂ ಪಾಳು ನೋಡಬೇಕು ಅಂದರೆ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೋದ ಕಲ್ಲಿನ ಚರ್ಚಿದೆ. 1812ರ ಡಿಸೆಂಬರಿನಲ್ಲಿ ಪೂಜೆ ನಡೆಯುತ್ತಿದ್ದಾಗಲೇ ಭೂಕಂಪದಲ್ಲಿ ಕುಸಿದು 40 ಜನ ಸತ್ತ ಚರ್ಚು ಅದು. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ಐದು ಮಿಷನ್‌ಗಳಿಗೆ 2015ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ. ಆದರೆ ಅವು ಊರೊಳಗಿವೆ. ಅಲಾಮೋ ಬಿಟ್ಟು ಉಳಿದ ನಾಲ್ಕರಲ್ಲಿ ಈಗಲೂ ಭಾನುವಾರ ಪೂಜೆ ನಡೆಯುತ್ತದೆ. ನೋಡಲು ಚೆಂದ, ಆದರೆ ಪಾಳು ಅನ್ನಲಾಗದು. ಅರಿಜೋನಾದವರಿಗೆ ಟೂಸಾನಿನ ದಕ್ಷಿಣಕ್ಕೆ ತುಮಾಕಾಕೊರಿ ಇದೆ, ದಾರಿಯಲ್ಲೇ ಸ್ಯಾನ್ ಹಾವಿಯರ್ ದೆಲ್ ಬಾಕ್‌ನ ಬಿಳಿ ಚರ್ಚೂ ಸಿಗುತ್ತದೆ. ಫೀನಿಕ್ಸಿನಲ್ಲಿ ಇರುವವರು ಇವೆರಡನ್ನು ಒಂದೇ ದಿನ ನೋಡಿ ಬರಬಹುದು, ನ್ಯೂ ಮೆಕ್ಸಿಕೋವರೆಗೆ ಬರಲೇಬೇಕು ಅಂತಿಲ್ಲ.

ಆದರೂ ಒಂದು ರಸ್ತೆ ಪ್ರಯಾಣ ಅಂತ ಹೊರಡುವುದಾದರೆ ನಾನು ನ್ಯೂ ಮೆಕ್ಸಿಕೋವನ್ನೇ ಹೇಳುತ್ತೇನೆ. ಇಲ್ಲಿ ಚರ್ಚಿನ ಪಕ್ಕದಲ್ಲೇ ಆ ಚರ್ಚನ್ನು ಕಟ್ಟಿದವರ ಊರೂ ಮಣ್ಣಿನಡಿ ಮಲಗಿದೆ. 1598ರಲ್ಲಿ ಹುವಾನ್ ದೆ ಒನ್ಯಾತೆ ಸ್ಪೇನಿನ ವಲಸಿಗರನ್ನು ಕರೆದುಕೊಂಡು ಬಂದಾಗ ರಿಯೋ ಗ್ರಾಂಡೆ ನದಿಯ ಆಸುಪಾಸಿನಲ್ಲಿ ಪ್ಯೂಬ್ಲೊ ಅನ್ನುವ ಮೂಲನಿವಾಸಿ ಜನ ತಲೆಮಾರುಗಳಿಂದ ಬಾಳುತ್ತಿದ್ದರು. ಮುಸುಕಿನ ಜೋಳ, ಬೀನ್ಸ್, ಕುಂಬಳ ಬೆಳೆದು, ಒಂದರ ಮೇಲೊಂದು ಕೋಣೆ ಕಟ್ಟಿಕೊಂಡು ಇರುತ್ತಿದ್ದರು. ಫ್ರಾನ್ಸಿಸ್ಕನ್ ಪಂಗಡದ ಪಾದ್ರಿಗಳು ಆ ಊರುಗಳಿಗೇ ಬಂದು ಚರ್ಚು ಎಬ್ಬಿಸಿದರು. ದುಡಿದವರು ಊರಿನವರು. ಪ್ಯೂಬ್ಲೊಗಳಲ್ಲಿ, ಅಂದರೆ ಈ ಜನರ ಊರುಗಳಲ್ಲಿ, ಗೋಡೆ ಕಟ್ಟುವುದು ಹೆಂಗಸರ ಕೆಲಸವಾಗಿತ್ತು. ಅಲೋನ್ಸೋ ದೆ ಬೆನವಿದೇಸ್ ಎಂಬ ಪಾದ್ರಿ 1630ರಲ್ಲಿ ಸ್ಪೇನಿನ ದೊರೆಗೆ ಬರೆದ ವರದಿಯಲ್ಲಿ ಇದನ್ನು ಹೇಳುತ್ತಾನೆ. ಗಂಡಸರನ್ನು ಗೋಡೆ ಕೆಲಸಕ್ಕೆ ಹಚ್ಚಿದರೆ ಹೆಂಗಸರು ನಗುತ್ತಿದ್ದರಂತೆ. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ಕಾಣುವ ಗೋಡೆಗಳ ಬಗ್ಗೆ ನಿಮ್ಮ ನೋಟವೇ ಬದಲಾಗುತ್ತದೆ.

ಮೌಂಟನೇರ್ ಸುತ್ತಲಿನ ಮೂರು

ಅಬೊ, ಕ್ವಾರಾಯ್, ಗ್ರಾನ್ ಕಿವಿರಾ ಮೂರೂ ಸೇರಿ ಒಂದೇ ಸಂರಕ್ಷಿತ ತಾಣ, ಹೆಸರು ಸಲೀನಾಸ್ ಪ್ಯೂಬ್ಲೊ ಮಿಷನ್ಸ್. ಗ್ರಾನ್ ಕಿವಿರಾಕ್ಕೆ 1909ರಲ್ಲೇ ಅಧ್ಯಕ್ಷ ಟಾಫ್ಟ್ ರಾಷ್ಟ್ರೀಯ ಸ್ಮಾರಕದ ಸ್ಥಾನ ಕೊಟ್ಟಿದ್ದರು. ಉಳಿದೆರಡು 1980ರಲ್ಲಿ ಜೊತೆಗೆ ಸೇರಿದವು. ಮೂರಕ್ಕೂ ನಡು ಊರು ಮೌಂಟನೇರ್. ಅಲ್ಲಿಂದ ಅಬೊ ಪಶ್ಚಿಮಕ್ಕೆ 9 ಮೈಲಿ, ಕ್ವಾರಾಯ್ ಉತ್ತರಕ್ಕೆ 8 ಮೈಲಿ, ಗ್ರಾನ್ ಕಿವಿರಾ ದಕ್ಷಿಣಕ್ಕೆ 25 ಮೈಲಿ. ಪ್ರವೇಶ ಶುಲ್ಕ ಇಲ್ಲ.

ಸಲೀನಾಸ್ ಅನ್ನುವ ಹೆಸರು ಬಂದದ್ದು ಉಪ್ಪಿನಿಂದ. ಪೂರ್ವದಿಂದ, ಅಂದರೆ ಎನ್ಸಿನೋ ಕಡೆಯಿಂದ ಹೆದ್ದಾರಿ 60ರಲ್ಲಿ ಬಂದರೆ ವಿಲ್ಲರ್ಡ್ ಊರಿಗೆ ಮುಂಚೆ ರಸ್ತೆ ಪಕ್ಕದಲ್ಲಿ ಒಣಗಿದ ಬಿಳಿ ಉಪ್ಪಿನ ಕೆರೆಗಳು ಕಾಣುತ್ತವೆ. ಪ್ಯೂಬ್ಲೊ ಜನ ಅಲ್ಲಿಂದ ಉಪ್ಪು ತಂದು ದೂರದ ಊರುಗಳಿಗೆ ಮಾರುತ್ತಿದ್ದರು. ಸ್ಪೇನಿನವರು ಬಂದ ಮೇಲೆ ಅದೇ ಉಪ್ಪು ಅದೇ ಜನರ ಬೆನ್ನಿನ ಮೇಲೆ, ಗಾಡಿಗಳಲ್ಲಿ, ದಕ್ಷಿಣಕ್ಕೆ, ಮೆಕ್ಸಿಕೋದ ಪರ್ರಾಲಿನ ಬೆಳ್ಳಿ ಗಣಿಗಳಿಗೆ ಹೋಗತೊಡಗಿತು. ಬೆಳ್ಳಿ ಅದಿರು ಶುದ್ಧ ಮಾಡಲು ಉಪ್ಪು ಬೇಕಿತ್ತು.

ಮೂರರಲ್ಲಿ ಒಂದನ್ನೇ ನೋಡುವಷ್ಟು ಸಮಯ ಇದ್ದರೆ, ಊರಿಂದ ಬಂದ ಅಪ್ಪ ಅಮ್ಮನೋ ಚಿಕ್ಕ ಮಕ್ಕಳೋ ಜೊತೆಗಿದ್ದರೆ, ಕ್ವಾರಾಯ್‌ಗೆ ಹೋಗಿ. ಹೆಚ್ಚುಕಮ್ಮಿ ಪೂರ್ತಿ ಉಳಿದಿರುವ ಚರ್ಚು ಇದೊಂದೇ. ಕೆಂಪು ಮರಳುಕಲ್ಲಿನ ಗೋಡೆಗಳು ಸುಮಾರು 40 ಅಡಿ ಎತ್ತರಕ್ಕೆ ನಿಂತಿವೆ. ಗೋಡೆಗೆ ಹತ್ತಿರ ಹೋಗಿ ನೋಡಿ. ಒಂದು ಕಲ್ಲೂ ದೊಡ್ಡದಲ್ಲ. ಕೈಯಲ್ಲಿ ಹಿಡಿದು ಎತ್ತಬಹುದಾದ ತೆಳ್ಳನೆಯ ಚಪ್ಪಟೆ ಚೂರುಗಳು, ಮಣ್ಣಿನ ಗಾರೆಯಲ್ಲಿ ಕೂತು, ಒಂದರ ಮೇಲೊಂದು ಸೇರಿ ಅಷ್ಟೆತ್ತರ ಹೋಗಿವೆ. ತಲೆ ಎತ್ತಿದರೆ ತೊಲೆ ಕೂತಿದ್ದ ತೂತುಗಳು ಸಾಲಾಗಿ ಕಾಣುತ್ತವೆ. ನಡೆಯುವ ದಾರಿ ಸಮತಟ್ಟು, ಅರ್ಧ ಮೈಲಿಯಷ್ಟು. ಪಕ್ಕದಲ್ಲಿ ಒರತೆ ಇದೆ, ದೊಡ್ಡ ಕಾಟನ್‌ವುಡ್ ಮರಗಳಿವೆ, ಮರದಡಿ ಊಟಕ್ಕೆ ಮೇಜುಗಳಿವೆ. ಇಡೀ ಸಲೀನಾಸಿನಲ್ಲಿ ನೆರಳು ಅಂತ ಸಿಗುವುದು ಹೆಚ್ಚಾಗಿ ಇಲ್ಲೇ. ನೀರಿದ್ದದ್ದಕ್ಕೇ ಜನ ಇಲ್ಲಿ ನೆಲೆ ನಿಂತರು.

ಕ್ವಾರಾಯ್‌ನಲ್ಲಿ ಪಾದ್ರಿಗಳ ವಸತಿಯ ಅಂಗಳದಲ್ಲಿ ಒಂದು ಚೌಕ ಗುಂಡಿ ಇದೆ. ಅದು ಕೀವಾ, ಪ್ಯೂಬ್ಲೊ ಜನ ನೆಲದೊಳಗೆ ಕಟ್ಟಿಕೊಳ್ಳುವ ಪೂಜೆಯ ಕೋಣೆ. ಪ್ಯೂಬ್ಲೊಗಳ ದೈವಗಳನ್ನು ಸೈತಾನನ ಕೆಲಸ ಅನ್ನುತ್ತಿದ್ದ ಪಾದ್ರಿಗಳ ಮನೆಯ ನಡುವೆಯೇ ಕೀವಾ ಹೇಗೆ ಬಂತು? ಊರಿನವರ ಮನಸ್ಸು ಒಲಿಸಲು ಪಾದ್ರಿಗಳೇ ಬಿಟ್ಟುಕೊಟ್ಟರು ಅನ್ನುವವರಿದ್ದಾರೆ. ಅಲ್ಲಿ ಪಾಠ ಹೇಳಿ ನಿಧಾನಕ್ಕೆ ಚರ್ಚಿಗೆ ಎಳೆದುಕೊಂಡರು ಅನ್ನುವವರೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ. ಅಬೊದಲ್ಲೂ ಹೀಗೇ ಅಂಗಳದಲ್ಲಿ ಕೀವಾ ಇದೆ, ಅಲ್ಲಿಯದು ದುಂಡು. ಎರಡನ್ನೂ ಒಂದೇ ದಿನ ನೋಡಿದರೆ ಪ್ರಶ್ನೆ ಇನ್ನೂ ಜಾಸ್ತಿ ಕಾಡುತ್ತದೆ.

ಅಬೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆದ್ದಾರಿ 60ರಿಂದ ಅರ್ಧ ಮೈಲಿ ಒಳಗೆ ಇರುವುದರಿಂದ ದಾರಿ ಮೇಲೆ ಹೋಗುವವರು ಮುಕ್ಕಾಲು ಗಂಟೆಯಲ್ಲಿ ನೋಡಿ ಹೊರಡಬಹುದು. ಕೆಂಪು ಕಲ್ಲಿನ ಗೋಡೆಗಳಿಗೆ ಹೊರಗಿನಿಂದ ಆನಿಕೆ ಕೊಟ್ಟು ಕಟ್ಟಿದ್ದಾರೆ, ಈ ಕಡೆಯ ಮಿಷನ್‌ಗಳಲ್ಲಿ ಇದು ಅಪರೂಪ. ಟರ್ಕಿ ಕೋಳಿ ಸಾಕುತ್ತಿದ್ದ ಗೂಡುಗಳ ಗುರುತು ಈಗಲೂ ಇದೆ. ಪಕ್ಕದ ದಿಬ್ಬಗಳನ್ನು ಸುಮ್ನೆ ಮಣ್ಣಿನ ಗುಡ್ಡ ಅಂದುಕೊಂಡು ದಾಟಿ ಹೋಗಬೇಡಿ. ಅಗೆಯದೇ ಬಿಟ್ಟ ಊರು ಅದು.

ಗ್ರಾನ್ ಕಿವಿರಾ: ನೋಡಲು ಕಷ್ಟ, ಮರೆಯಲು ಇನ್ನೂ ಕಷ್ಟ

ಇಲ್ಲಿಗೆ ಹೋಗಿ ಅಂತ ನಾನು ಎಲ್ಲರಿಗೂ ಹೇಳುವುದಿಲ್ಲ. ಮೌಂಟನೇರಿನಿಂದ 25 ಮೈಲಿ ಹೋಗಿ ಅದೇ ದಾರಿಯಲ್ಲಿ 25 ಮೈಲಿ ವಾಪಸ್ ಬರಬೇಕು. ಮಧ್ಯೆ ಅಂಗಡಿ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ನೆರಳಿಲ್ಲ. ಕಾರು ನಿಲ್ಲಿಸಿದ ಮೇಲೆ ಗುಡ್ಡ ಹತ್ತಬೇಕು. ಕಲ್ಲೂ ಕ್ವಾರಾಯ್‌ನ ಹಾಗೆ ಕೆಂಪಗೆ ಹೊಳೆಯುವುದಿಲ್ಲ, ಬೂದು ಬಣ್ಣದ ಸುಣ್ಣಕಲ್ಲು. ಗೋಡೆಗಳೂ ಅಷ್ಟು ಎತ್ತರಕ್ಕಿಲ್ಲ.

ಆದರೆ ಇಡೀ ಊರನ್ನು ಕಣ್ಣಾರೆ ನೋಡಬೇಕು ಅಂದರೆ ಇಲ್ಲಿಗೇ ಬರಬೇಕು. ಸ್ಪೇನಿನವರು ಲಾಸ್ ಉಮಾನಾಸ್ ಎಂದು ಕರೆದ ಈ ಊರಿನ ಒಂದು ದಿಬ್ಬವನ್ನು 1960ರ ದಶಕದಲ್ಲಿ ಅಗೆದಾಗ 200ಕ್ಕೂ ಹೆಚ್ಚು ಕೋಣೆಗಳು ಹೊರಬಂದವು. ಅಂಥ ದಿಬ್ಬಗಳು ಇನ್ನೂ ಹಲವು ಇವೆ, ಅವನ್ನು ಮುಟ್ಟಿಲ್ಲ. ಅಗೆದ ಕೋಣೆಗಳ ಪಕ್ಕದಲ್ಲೇ ಕಾಲುದಾರಿ ಹೋಗುತ್ತದೆ. ಒಂದೊಂದು ಕೋಣೆಯೂ ಎಷ್ಟು ಚಿಕ್ಕದು ಅನ್ನುವುದು ಮೊದಲು ಕಣ್ಣಿಗೆ ಬೀಳುತ್ತದೆ. ಪಾದ್ರಿಗಳು ಕೀವಾಗಳನ್ನು ಹಾಳುಗೆಡವಿದ ಮೇಲೆ ಜನ ಮನೆಯೊಳಗಿನ ಕೆಲವು ಕೋಣೆಗಳನ್ನೇ ಗುಟ್ಟಾಗಿ ಕೀವಾ ಮಾಡಿಕೊಂಡಿದ್ದರು, ಅದೂ ಅಗೆತದಲ್ಲಿ ಕಂಡುಬಂತು.

ಈ ಊರಿನಲ್ಲಿ ಒರತೆ ಇಲ್ಲ, ಹೊಳೆ ಇಲ್ಲ. ಬಾವಿ ತೋಡಿ, ಮಳೆ ನೀರು ಹಿಡಿದಿಟ್ಟುಕೊಂಡು ಸಾವಿರಕ್ಕೂ ಹೆಚ್ಚು ಜನ ಬದುಕುತ್ತಿದ್ದರು. ಅದರ ಮೇಲೆ ಸ್ಪೇನಿನವರಿಗೆ ಜೋಳ, ತೊಗಲು ಕಂದಾಯವಾಗಿ ಕೊಡಬೇಕಿತ್ತು. ಮೊದಲೇ ಒಂದು ಚರ್ಚಿತ್ತು. 1660ರ ಹೊತ್ತಿಗೆ ಸ್ಯಾನ್ ಬುಯೆನವೆಂತೂರಾ ಅನ್ನುವ ಇನ್ನೂ ದೊಡ್ಡ ಚರ್ಚು ಶುರು ಮಾಡಿದರು. ಗಾರೆ ಕಲಸಲೂ ನೀರು ಬೇಕಲ್ವಾ? ಆಮೇಲೆ ಬರ ಬಂತು. ವರ್ಷಗಟ್ಟಲೆ ಬೆಳೆ ಆಗಲಿಲ್ಲ. 1668ರಲ್ಲಿ ಈ ಒಂದೇ ಊರಿನಲ್ಲಿ 450ಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು ಎಂದು ಮರುವರ್ಷ ಪಾದ್ರಿಯೊಬ್ಬ ಬರೆದ ಕಾಗದದಲ್ಲಿದೆ. ದಾರಿಯಲ್ಲಿ, ಹಳ್ಳದಲ್ಲಿ, ಗುಡಿಸಲಿನಲ್ಲಿ ಹೆಣಗಳು ಬಿದ್ದಿದ್ದವಂತೆ. ಆ ವರ್ಷಗಳಲ್ಲಿ ಜನ ಹಳೆಯ ತೊಗಲನ್ನು ನೆನೆಸಿ, ಸುಟ್ಟು, ಬೇರಿನ ಜೊತೆ ಬೇಯಿಸಿ ತಿಂದರು. ಜೊತೆಗೆ ರೋಗ, ಅಪಾಚೆ ಅನ್ನುವ ಅಲೆಮಾರಿ ಬುಡಕಟ್ಟಿನವರ ದಾಳಿ. 1670ರ ದಶಕ ಮುಗಿಯುವಷ್ಟರಲ್ಲಿ ಸಲೀನಾಸಿನ ಊರುಗಳೆಲ್ಲ ಖಾಲಿಯಾದವು. ಉಳಿದವರು ರಿಯೋ ಗ್ರಾಂಡೆ ದಂಡೆಯ ಊರುಗಳಿಗೆ ಗುಳೆ ಹೋದರು, ಕೆಲವರು ಎಲ್ ಪಾಸೋವರೆಗೂ ಹೋದರು. ದೊಡ್ಡ ಚರ್ಚು ಕೊನೆಗೂ ಮುಗಿಯಲಿಲ್ಲ. ನೀವು ಇವತ್ತು ಅದರೊಳಗೆ ನಿಂತರೆ ಕಾಣುವುದು ಬಿದ್ದುಹೋದ ಕಟ್ಟಡಕ್ಕಿಂತ ಹೆಚ್ಚಾಗಿ ಪೂರ್ತಿಯಾಗದೇ ನಿಂತ ಕಟ್ಟಡ.

ಸ್ಪೇನಿನವರು ಹುಡುಕುತ್ತಿದ್ದ ಚಿನ್ನದ ನಾಡು ಕಿವಿರಾ. ಅದರ ಹೆಸರು ಆಮೇಲೆ ಹೇಗೋ ಈ ಪಾಳಿಗೆ ಅಂಟಿಕೊಂಡು, ನಿಧಿ ಆಸೆಯವರು ಬಂದು ಇಲ್ಲೆಲ್ಲ ಅಗೆದರು. ಈ ಊರಿಗೆ ಇಷ್ಟು ಅನ್ಯಾಯದ ಹೆಸರು ಬೇರೆ ಸಿಗುತ್ತಿರಲಿಲ್ಲ ಅನಿಸುತ್ತದೆ ನನಗೆ.

ಪೇಕೋಸ್: ದಂಗೆಯ ಕಥೆ ಬೇಕಾದವರಿಗೆ

ಡೆನ್ವರಿನಿಂದ ಐ-25 ಹೆದ್ದಾರಿ ಹಿಡಿದು ಬರುವವರಿಗೂ, ಸಾಂಟಾ ಫೆಯಲ್ಲಿ ಉಳಿದುಕೊಳ್ಳುವವರಿಗೂ ಇದು ಅತಿ ಸುಲಭ. ಸಾಂಟಾ ಫೆಯಿಂದ 25 ಮೈಲಿ, ದಾರಿಯಲ್ಲೇ ಇದೆ. ಇಲ್ಲೂ ಶುಲ್ಕ ಇಲ್ಲ. ಒಳ್ಳೆಯ ಮ್ಯೂಸಿಯಂ ಇದೆ, ನಡೆಯುವ ದಾರಿ ಒಂದೂಕಾಲು ಮೈಲಿ. ಪೂರ್ವದ ಹುಲ್ಲುಬಯಲಿನ ಬೇಟೆಗಾರ ಜನಕ್ಕೂ ರಿಯೋ ಗ್ರಾಂಡೆಯ ರೈತರಿಗೂ ಮಧ್ಯೆ ಇದ್ದ ಸಂತೆ ಊರು ಪೇಕೋಸ್. ಒಂದು ಕಾಲಕ್ಕೆ 2,000 ಜನ ಇದ್ದರು. ಕಾಡೆಮ್ಮೆ ತೊಗಲು, ಚಕಮಕಿ ಕಲ್ಲು ಒಂದು ಕಡೆಯಿಂದ, ಜೋಳ, ಮಡಕೆ, ಬಟ್ಟೆ ಇನ್ನೊಂದು ಕಡೆಯಿಂದ ಬಂದು ಇಲ್ಲಿ ಕೈ ಬದಲಾಗುತ್ತಿದ್ದವು.

ಇಲ್ಲಿಯ ಚರ್ಚು ಕಲ್ಲಿನದಲ್ಲ, ಹಸಿ ಇಟ್ಟಿಗೆಯದು. ನಮ್ಮ ಬಯಲುಸೀಮೆಯ ಹಳೇ ಮಣ್ಣಿನ ಮನೆಗಳ ಹಾಗೆ ಇದಕ್ಕೂ ಮತ್ತೆ ಮತ್ತೆ ಮಣ್ಣು ಮೆತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಮಳೆಗೆ ಕರಗುತ್ತದೆ. ಕೆಲಸದವರು ಹಾಗೆ ಮೆತ್ತುತ್ತಿರುವುದು ನಿಮ್ಮ ಕಣ್ಣಿಗೂ ಬೀಳಬಹುದು.

1620ರ ದಶಕದ ಪಾದ್ರಿಗಳು ಪೇಕೋಸಿನಲ್ಲಿ ಬಹಳ ದೊಡ್ಡ ಚರ್ಚೊಂದಿದೆ ಎಂದು ಬರೆದಿದ್ದರು. ಅಲ್ಲಿ ಈಗ ನಿಂತಿರುವ ಪಾಳು ಅಷ್ಟು ದೊಡ್ಡದಲ್ಲ. ಹಾಗಾಗಿ ಪಾದ್ರಿಗಳು ಉತ್ಪ್ರೇಕ್ಷೆ ಮಾಡಿದ್ದಾರೆ ಅಂತ ವಿದ್ವಾಂಸರು ಅಂದುಕೊಂಡಿದ್ದರು. 1967ರಲ್ಲಿ ಜೀನ್ ಪಿಂಕ್ಲಿ ಎಂಬ ಪುರಾತತ್ವ ತಜ್ಞೆ ಅಗೆದಾಗ ಈ ಚರ್ಚಿನ ಸುತ್ತ ಇನ್ನೊಂದು ಅಡಿಪಾಯ ಸಿಕ್ಕಿತು, ಇದಕ್ಕಿಂತ ಎಷ್ಟೋ ದೊಡ್ಡದು. 3 ಲಕ್ಷ ಹಸಿ ಇಟ್ಟಿಗೆ ಬೇಕಾದ ಕಟ್ಟಡ. ಪಾದ್ರಿಗಳು ಬರೆದದ್ದು ನಿಜವಾಗಿತ್ತು. ಆ ದೊಡ್ಡ ಚರ್ಚು 1680ರಲ್ಲಿ ಸುಟ್ಟುಹೋಗಿತ್ತು. ಆ ವರ್ಷ ಪೊಪೆ ಎಂಬ ನಾಯಕನ ಜೊತೆ ಪ್ಯೂಬ್ಲೊ ಊರುಗಳಲ್ಲಿ ಹೆಚ್ಚಿನವು ಒಟ್ಟಾಗಿ ಎದ್ದು ಸ್ಪೇನಿನವರನ್ನು ಓಡಿಸಿದ್ದವು. 12 ವರ್ಷ ಅವರಿಗೆ ತಿರುಗಿ ಇಲ್ಲಿ ನೆಲೆಯೂರಲಾಗಲಿಲ್ಲ. ಪೇಕೋಸಿನವರು ಸುಟ್ಟ ಚರ್ಚಿನ ಇಟ್ಟಿಗೆಗಳನ್ನೇ ತೆಗೆದು ಪಾದ್ರಿಗಳ ಅಂಗಳದಲ್ಲಿ ಕೀವಾ ಕಟ್ಟಿದರು. ಇಲ್ಲಿ ಕೀವಾ ಯಾಕೆ ಬಂತು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಸ್ಪೇನಿನವರು ಮರಳಿದ ಮೇಲೆ, 1717ರಲ್ಲಿ, ಹಳೆಯ ಅಡಿಪಾಯದೊಳಗೇ ಚಿಕ್ಕ ಚರ್ಚು ಎದ್ದಿತು. ನಾವು ನೋಡುವುದು ಅದನ್ನು. ಹೊಸದಾಗಿ ಸೂರು ಹಾಕಿದ ಕೀವಾವೊಂದಕ್ಕೆ ಏಣಿ ಇಳಿದು ಒಳಗೆ ಹೋಗಲೂ ಬಿಡುತ್ತಾರೆ. ಅದು ಇವತ್ತಿಗೂ ಪವಿತ್ರ ಜಾಗ, ಒಳಗೆ ಗಲಾಟೆ ಬೇಡ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ರೋಗ, ದಾಳಿ, ವಲಸೆಗಳಲ್ಲಿ ಊರು ಕರಗಿ, 1838ರಲ್ಲಿ ಕೊನೆಯ ಇಪ್ಪತ್ತರಷ್ಟು ಜನ ಪೇಕೋಸ್ ಬಿಟ್ಟು ಹೇಮೆಸ್ ಪ್ಯೂಬ್ಲೊಗೆ ಹೋದರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ. 1915ರಿಂದ 1929ರ ಮಧ್ಯೆ ಅಗೆದು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಒಯ್ದಿದ್ದ ಸುಮಾರು 2,000 ಜನರ ಅಸ್ಥಿಗಳನ್ನು 1999ರಲ್ಲಿ ತಿರುಗಿ ತಂದು ಇಲ್ಲೇ ಮಣ್ಣು ಮಾಡಿದರು. ಹಿರಿಯರನ್ನು ಬರಮಾಡಿಕೊಳ್ಳಲು ಹಲವರು ಹೇಮೆಸ್‌ನಿಂದ ನಡೆದೇ ಬಂದರು. ಆಗಸ್ಟ್ ತಿಂಗಳ ಮೊದಲ ಭಾನುವಾರ ಈ ಪಾಳು ಚರ್ಚಿನಲ್ಲಿ ವರ್ಷಕ್ಕೊಮ್ಮೆಯ ಪೂಜೆ ನಡೆಯುತ್ತದೆ. ಆ ಹೊತ್ತಿಗೆ ಆ ಕಡೆ ಇದ್ದರೆ ತಪ್ಪಿಸಿಕೊಳ್ಳಬೇಡಿ.

ಹೇಮೆಸ್: ದಾರಿಯೇ ಅರ್ಧ ಖುಷಿ

ಮ್ಯಾಪಿನಲ್ಲಿ ಇಂಗ್ಲಿಷಿನ ಜೆ ಅಕ್ಷರದಿಂದ ಹುಡುಕಿ, ಬಾಯಲ್ಲಿ ಹೇಮೆಸ್ ಅನ್ನಿ. ಅಲ್ಬುಕರ್ಕಿಯಿಂದ ಬರ್ನಲಿಯೋ, ಅಲ್ಲಿಂದ ಹೆದ್ದಾರಿ 550, ಸ್ಯಾನ್ ಇಸಿಡ್ರೋದಲ್ಲಿ ತಿರುಗಿದರೆ ರಾಜ್ಯ ಹೆದ್ದಾರಿ 4. ಎರಡೂ ಕಡೆ ಕೆಂಪು ಬಂಡೆಗಳ ನಡುವೆ ರಸ್ತೆ ಹೋಗುತ್ತದೆ. ಸ್ಯಾನ್ ಹೊಸೆ ಚರ್ಚು 1621ರ ಹೊತ್ತಿಗೆ ಶುರುವಾದದ್ದು. ದಪ್ಪ ಕಲ್ಲಿನ ಗೋಡೆ, ಬಲಿಪೀಠದ ಹಿಂದೆ ಎಂಟು ಮೂಲೆಯ ಗೋಪುರ. ಕೆಲವೇ ದಶಕ ಬಳಕೆಯಲ್ಲಿತ್ತು. ಇದು ರಾಜ್ಯ ಸರ್ಕಾರದ ತಾಣ, ಸಣ್ಣ ಶುಲ್ಕ ಇದೆ, ವಾರದಲ್ಲಿ ರಜಾ ದಿನಗಳೂ ಇವೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಮಿಷನ್ ಒಂದನ್ನೇ ನೋಡಲು ಆದರೆ ಹೇಮೆಸ್ ಐದರಲ್ಲಿ ನನ್ನ ಕೊನೆಯ ಆಯ್ಕೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಮನೆಯಲ್ಲಿ ಒಬ್ಬರಿಗೆ ಇತಿಹಾಸ, ಇನ್ನೊಬ್ಬರಿಗೆ ಬೆಟ್ಟಗುಡ್ಡ ಇಷ್ಟ ಅಂದರೆ ಇದೇ ಸರಿ. ಮುಂದೆ ಬುಗ್ಗೆಯ ಖನಿಜ ತಾನಾಗಿ ಕಟ್ಟಿದ ಸೋಡಾ ಡ್ಯಾಮ್, ಬಿಸಿನೀರಿನ ಬುಗ್ಗೆಗಳು, ಆಮೇಲೆ ಹಳೆಯ ಜ್ವಾಲಾಮುಖಿಯ ಬಾಯಾದ ವಾಯೆಸ್ ಕಾಲ್ಡೇರಾದ ಹುಲ್ಲುಗಾವಲು, ಹಾಗೇ ಹೋದರೆ ಬ್ಯಾಂಡಿಲಿಯರ್‌ನ ಬಂಡೆ ಮನೆಗಳು, ಲಾಸ್ ಅಲಾಮೋಸ್ ಊರು. ಒಂದು ಮಾತು ಮಾತ್ರ ನೆನಪಿಡಿ: ದಾರಿಯಲ್ಲಿ ಸಿಗುವ ಹೇಮೆಸ್ ಪ್ಯೂಬ್ಲೊ ಜನ ವಾಸಿಸುವ ಊರು. ಅಲ್ಲಿ ಫೋಟೋ ತೆಗೆಯುವ ಹಾಗಿಲ್ಲ.

ಹೊರಡುವ ಮುಂಚೆ

ಗಟ್ಟಿಯಾಗಿ ನಡೆಯುವವರು, ಒಂದು ಪೂರ್ತಿ ದಿನ ಇರುವವರು ಸಲೀನಾಸಿನ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿ ಅನ್ನುತ್ತೇನೆ. ಸುತ್ತಿಗೆ ಸುಮಾರು 200 ಮೈಲಿ. ಬೆಳಿಗ್ಗೆ ಬೇಗ ಹೊರಟು ಬೆಲೆನ್ ಮೇಲೆ ಹೆದ್ದಾರಿ 60 ಹಿಡಿದು ಮೊದಲು ಅಬೊ. ಬಿಸಿಲು ಏರುವ ಮುಂಚೆ ಗ್ರಾನ್ ಕಿವಿರಾ. ತಡವಾದ ಊಟ ಕ್ವಾರಾಯ್‌ನ ಮರದಡಿ. ವಾಪಸ್ ಬರುವಾಗ ಮಂಜಾನೋ, ತಹಿಕೆ, ಚಿಲಿಲಿ ಹಳ್ಳಿಗಳ ಮೇಲೆ ಟಿಹೆರಾಸ್‌ಗೆ ಇಳಿಯಿರಿ. ಬೆಟ್ಟದ ಅಂಚಿನ ಆ ರಸ್ತೆ ಬಹಳ ಚೆಂದ, ಆದರೆ ಕತ್ತಲಾದ ಮೇಲೆ ಜಿಂಕೆಗಳು ಅಡ್ಡ ಬರುತ್ತವೆ. ಸಂಜೆಯಾದರೆ ಗೇಟು ಹಾಕುತ್ತಾರೆ, ಚಳಿಗಾಲದಲ್ಲಿ ಇನ್ನೂ ಬೇಗ. ಅರ್ಧ ದಿನ ಮಾತ್ರ ಇದ್ದರೆ ಗ್ರಾನ್ ಕಿವಿರಾ ಬಿಟ್ಟು ಉಳಿದೆರಡು ನೋಡಿ. ಎಲ್ ಪಾಸೋ ಕಡೆಯಿಂದ ಬರುವವರು ಬರ್ನಾರ್ಡೋದಲ್ಲಿ ಐ-25 ಬಿಟ್ಟು ಪೂರ್ವಕ್ಕೆ ತಿರುಗಿದರೆ ನೇರ ಅಬೊ.

ಬೆಲೆನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮೌಂಟನೇರ್ ದಾಟಿದರೆ ಫೋನ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟಿರಿ. ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಮೇಲು, ಸಣ್ಣ ಊರುಗಳ ಹೋಟೆಲುಗಳು ಭಾನುವಾರ ತೆರೆದಿರುತ್ತವೆ ಅನ್ನುವ ನಂಬಿಕೆ ಇಲ್ಲ. ಚಿತ್ರಾನ್ನ, ಪುಳಿಯೋಗರೆ ಆರಾಮಾಗಿ ತಡೆಯುತ್ತವೆ. ಹೋಟೆಲಲ್ಲಿ ತಿನ್ನುವ ಸಸ್ಯಾಹಾರಿಗಳು ಎರಡು ಕೇಳಲೇಬೇಕು: ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದೀರಾ, ಗ್ರೀನ್ ಚಿಲಿ ಅನ್ನುವ ಹಸಿಮೆಣಸಿನ ಸಾಸಿನಲ್ಲಿ ಮಾಂಸ ಇದೆಯಾ? ಹಲವು ಕಡೆ ಇರುತ್ತದೆ.

ಈ ಜಾಗಗಳೆಲ್ಲ ಸಮುದ್ರಮಟ್ಟದಿಂದ 6,000 ಅಡಿಗಿಂತ ಮೇಲಿವೆ, ಪೇಕೋಸ್ 7,000 ಅಡಿಯ ಹತ್ತಿರ. ವಯಸ್ಸಾದವರು ಬಂದ ದಿನವೇ ಹೋಗದೆ ಒಂದು ದಿನ ಸುಧಾರಿಸಿಕೊಂಡು ಹೋಗಲಿ, ನೀರು ಜಾಸ್ತಿ ಕುಡಿಯಲಿ. ಸೆಪ್ಟೆಂಬರ್, ಅಕ್ಟೋಬರ್ ಎಲ್ಲಕ್ಕಿಂತ ಒಳ್ಳೆಯ ಕಾಲ. ಅಕ್ಟೋಬರ್ ಮೊದಲ ವಾರಗಳಲ್ಲಿ ಬಲೂನ್ ಉತ್ಸವ ಇರುವುದರಿಂದ ಅಲ್ಬುಕರ್ಕಿಯ ರೂಮ್ ಬಾಡಿಗೆ ಏರಿರುತ್ತದೆ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಸಾಮಾನ್ಯ, ಗ್ರಾನ್ ಕಿವಿರಾದ ಬೋಳು ಗುಡ್ಡದ ಮೇಲೆ ಆಗ ನಿಲ್ಲಬೇಡಿ. ಬೇಸಿಗೆಯಲ್ಲಿ ಕಲ್ಲುಗಳ ಸಂದಿಯಲ್ಲಿ ಬುಡುಬುಡಿಕೆ ಹಾವು ಇರಬಹುದು, ಕೈ ಹಾಕಬೇಡಿ.

ಗೋಡೆ ಹತ್ತಿ ಫೋಟೋ ತೆಗೆಸಿಕೊಳ್ಳುವುದು ಬೇಡ. ಮಣ್ಣಿನ ಗಾರೆ ಒಂದು ಸಲ ಸಡಿಲವಾದರೆ ಮೇಲಿನ ಕಲ್ಲೆಲ್ಲ ಬರುತ್ತದೆ. ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಗಗಳಲ್ಲಿ ಡ್ರೋನ್ ಹಾರಿಸುವಂತಿಲ್ಲ. ನೆಲದಲ್ಲಿ ಕಪ್ಪು ಬಿಳಿ ಗೆರೆ ಎಳೆದ ಮಡಕೆ ಚೂರು ಕಂಡರೆ ಬಗ್ಗಿ ನೋಡಿ, ಮಕ್ಕಳಿಗೂ ತೋರಿಸಿ, ಇದ್ದಲ್ಲೇ ಬಿಡಿ. ತೆಗೆದುಕೊಂಡು ಹೋಗುವುದು ಅಪರಾಧ.